ಮದುವೆಗೆ ಮುಂಚೆ ತೊಟ್ಟಿಲು

ಎಚ್.ಡಿ. ಕೋಟೆ ಕಡೆಯ ಹಳ್ಳಿಯೊಂದರಲ್ಲಿ ನಮಗೆ ದೂರದ ನೆಂಟರಾದ ಒಬ್ಬ ಅಜ್ಜಿ ಇದ್ದಾರೆ. ನಾಟಿ ಹಾಕುತ್ತಾ ಕಲಿತ ಉದ್ದುದ್ದ ಕಥೆಯ ಪದಗಳು, ಅಂದರೆ ಹಾಡುಗಳು, ಅವರ ಬಾಯಲ್ಲಿವೆ. ಹುಣಸೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವ ನಾನು ಭಾನುವಾರಗಳಂದು ಹೋಗಿ ಅವನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ. ಅವರು ದಣಿವಾರಿಸಿಕೊಳ್ಳಲು ನಿಂತಾಗಲೆಲ್ಲ ಒಂದು ಫೈಲು ಮುಗಿಯುತ್ತಿತ್ತು. ಫೈಲುಗಳಿಗೆ 01, 02 ಎಂದು ನಂಬರು ಕೊಟ್ಟು ಒಂದು ಫೋಲ್ಡರಿನಲ್ಲಿಟ್ಟರೆ, ನಾನೇ ಬರೆದ ಪ್ರೋಗ್ರಾಮು ಎಲ್ಲವನ್ನೂ ಜೋಡಿಸಿ ಒಂದೇ ಹಾಡು ಮಾಡುತ್ತಿತ್ತು.

ಹಳೆಯ ವಿಂಡೋಸ್ ಕಂಪ್ಯೂಟರ್ ಕೆಟ್ಟುಹೋಯಿತು. ಪ್ರೋಗ್ರಾಮನ್ನು ತಿದ್ದಿ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಓಡುವಂತೆ ಮಾಡಿದೆ. ಹೊಸ ಹಾಡನ್ನು ಅದರಲ್ಲೇ ಜೋಡಿಸಿ, ಪೂರ್ತಿ ಕೇಳದೆಯೇ ಅಜ್ಜಿಯ ಮುಂದೆ ಹಾಕಿದೆ.

"ನಿಲ್ಸು," ಅಂದರು ಅಜ್ಜಿ. "ಮದ್ವೆನೇ ಆಗಿಲ್ಲ, ಆಗ್ಲೇ ತೊಟ್ಲು ತೂಗ್ತಾವ್ರಲ್ಲ. ನಾನಿಂಗೆ ಯೇಳಿಲ್ಲ ಕಣವ್ವ."

"ನೀವೇ ಹಿಂದೆಮುಂದೆ ಹೇಳಿರಬೋದು ಅಜ್ಜಿ. ವಯಸ್ಸಾಯ್ತಲ್ಲ, ಮರ್ತಿರ್ತೀರಿ."

ಅಜ್ಜಿ ಎದ್ದು ಹೋಗಿ ಅವರೆಕಾಯಿ ಸುಲಿಯುತ್ತಾ ಕುಳಿತರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಕೂರಲಾಗಲಿಲ್ಲ. ಮನೆಗೆ ಬಂದು ಫೋಲ್ಡರ್ ತೆರೆದರೆ ಫೈಲುಗಳು ನಂಬರಿನಂತೆಯೇ ಇದ್ದವು. ಒಂದೊಂದಾಗಿ ಕೇಳಿದೆ, ಕಥೆಯೂ ಸರಿಯಾಗಿತ್ತು. ಜೋಡಿಸಿದ ಹಾಡು ಮಾತ್ರ ಕಲಸಿಹೋಗಿತ್ತು. ಅಂದರೆ ಅಜ್ಜಿ ಮರೆತಿರಲಿಲ್ಲ. ಅದು ಗೊತ್ತಾದ ಮೇಲೆ ಚಡಪಡಿಕೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಫೈಲುಗಳನ್ನು ಮತ್ತೆ ನಕಲು ಮಾಡಿದೆ, ಮತ್ತೆ ಜೋಡಿಸಿದೆ, ಅದೇ ಗೊಂದಲ. ತರಗತಿಯಲ್ಲಿ ಒಂದೇ ಸಾಲನ್ನು ಬೋರ್ಡಿನ ಮೇಲೆ ಎರಡು ಸಲ ಬರೆದೆ. ಅನ್ನ ತಳ ಹಿಡಿಯಿತು.

ಮೂರನೆಯ ದಿನ, ಪ್ರೋಗ್ರಾಮಿಗೆ ಫೈಲುಗಳ ಹೆಸರು ಯಾವ ಕ್ರಮದಲ್ಲಿ ಸಿಗುತ್ತಿದೆಯೋ ಹಾಗೆಯೇ ತೆರೆಯ ಮೇಲೆ ಬರುವಂತೆ ಮಾಡಿದೆ. ಏಳು, ಇಪ್ಪತ್ತೊಂದು, ಎರಡು, ಹದಿನಾಲ್ಕು. ಫೋಲ್ಡರಿನಲ್ಲಿ ಏನೇನಿದೆ ಎಂದು ಲಿನಕ್ಸನ್ನು ಕೇಳಲು ರೀಡ್‌ಡಿರ್ ಎಂಬ ಆಜ್ಞೆಯಿದೆ. ಅದು ಹೆಸರುಗಳನ್ನು ಒಂದೊಂದಾಗಿ ಕೊಡುತ್ತದೆ, ಇಂಥದೇ ಕ್ರಮದಲ್ಲಿ ಕೊಡುತ್ತೇನೆಂದು ಎಲ್ಲೂ ಹೇಳುವುದಿಲ್ಲ. ಹಳೆಯ ಕಂಪ್ಯೂಟರಿನಲ್ಲಿ ಅವು ತಾವಾಗಿಯೇ ಸಾಲಾಗಿ ಬರುತ್ತಿದ್ದವು. ನಾನು ಅದನ್ನೇ ನಿಯಮ ಅಂದುಕೊಂಡಿದ್ದೆ. ಫೋಲ್ಡರ್ ತೆರೆದಾಗ ಕಾಣುವ ಪಟ್ಟಿ ನಂಬರಿನಂತೆ ವಿಂಗಡಿಸಿದ ಪಟ್ಟಿಯಾದ್ದರಿಂದ ಕಣ್ಣಿಗೂ ತಪ್ಪು ಕಂಡಿರಲಿಲ್ಲ. ಪ್ರೋಗ್ರಾಮಿಗೆ ಹೆಸರುಗಳನ್ನು ನಂಬರಿನಂತೆ ವಿಂಗಡಿಸುವ ಒಂದು ಸಾಲು ಸೇರಿಸಿದೆ. ಮದುವೆ ಮೊದಲು ಬಂತು.

ಭಾನುವಾರದ ತನಕ ಕಾಯಲಾಗದೆ ರಜೆ ಹಾಕಿ ಹೋದೆ.

"ತಪ್ಪು ನಂದೇ ಅಜ್ಜಿ. ಮಿಷಿನ್ ಬದಲಾಯಿಸ್ದಾಗ ಸರಿಯಾಗಿ ನೋಡ್ಕೊಳ್ಲಿಲ್ಲ. ನಿಮಗೆ ಮರೆವು ಅಂದ್ಬಿಟ್ಟೆ."

"ಅಂದೆ ಕಣವ್ವ. ಅವತ್ತಿಂದ ಒಲೆ ಮುಂದೆ, ಒಲದ ತಾವ, ಅದೇ ಪದಾನ ತಿರ್ಗಾ ತಿರ್ಗಾ ಯೇಳ್ಕಂಡು ನೋಡ್ತಾ ಇವ್ನಿ, ಎಲ್ಲಿ ತಪ್ದೆ ಅಂತ."

ಸರಿಮಾಡಿದ ಹಾಡು ಹಾಕಿದೆ. ಅಜ್ಜಿ ಕಣ್ಣು ಮುಚ್ಚಿ ಕೇಳಿದರು. ಧಾರೆಯ ಭಾಗ ಬಂದಾಗ ಕೈ ಎತ್ತಿದರು.

"ಇಲ್ಲೊಂದ್ ಸಾಲು ಬುಟ್ಬುಟ್ಟಿವ್ನಿ. ಇದು ಮಾತ್ರ ನಂದೇ ತಪ್ಪು. ತಿರ್ಗಾ ಯೇಳ್ತೀನಿ, ತುಂಬ್ಕೊ."