ಗುಂಡಿ ಎಂದವರು ನೀವು, ಗುಂಡು ಎಂದು ಬರೆದವನು ನಾನು

ಹನುಮಂತಣ್ಣ, ನೀವು ಹೇಳಿದ್ದು ಗುಂಡಿ ಎಂದೇ. ಗುಂಡು ಎಂದು ಬರೆದವನು ನಾನು. ನನ್ನ ಕಿವಿಗೆ ಏನೂ ಆಗಿರಲಿಲ್ಲ.

ತೆಲುಗು ಸೀಮೆಯ ಕಲ್ಯಾಣದುರ್ಗದ ಆಚೆ, ನಿಮ್ಮೂರಲ್ಲಿ ಅಂಗನವಾಡಿ ಕಟ್ಟುವ ಜಾಗದ ನೆಲ ಪರೀಕ್ಷಿಸಲು ಬಂದಿದ್ದೆ. ಕಬ್ಬಿಣದ ತಟ್ಟೆಯ ಮೇಲೆ ಸುತ್ತಿಗೆಯಿಂದ ಹೊಡೆದು, ನೆಲದೊಳಗೆ ಹೋಗಿ ಚದುರಿ ಬರುವ ಕಂಪನವನ್ನು ಯಂತ್ರದಲ್ಲಿ ಹಿಡಿಯುವುದು ನನ್ನ ಕೆಲಸ. ಪಕ್ಕದಲ್ಲಿ ನೀವೊಬ್ಬರೇ ಇದ್ದಿರಿ. "ಇಲ್ಲಿ ಗುಂಡಿ ಐತೆ ಕಣಪ್ಪ. ನಮ್ಮಜ್ಜ ರಾಗಿ ತುಂಬ್ತಿದ್ದ. ಮ್ಯಾಲೆ ಚಪ್ಪಡಿ ಮುಚ್ಬುಟ್ಟವ್ರೆ," ಎಂದಿರಿ.

ಹಿಂದೂಪುರದ ಆಫೀಸಿನಲ್ಲಿ ಕುಳಿತು, ಕಂಪ್ಯೂಟರಿನೊಳಗೆ ನಿಮ್ಮ ನೆಲವನ್ನು ಲೆಕ್ಕದಲ್ಲೇ ಕಟ್ಟಿದೆ. ಈ ಸೀಮೆಯಲ್ಲಿ ಎಲ್ಲಿ ಅಗೆದರೂ ಸಿಗುವಂಥ ಒಂದು ಕಲ್ಲುಗುಂಡನ್ನು ಅದರಲ್ಲಿ ಹೂತು ಅಲೆ ಹರಿಸಿದೆ. ಲೆಕ್ಕದ ಅಲೆ ನಿಜದ ಅಲೆಗೆ ಹೊಂದಿದರೆ, ಕೆಳಗಿರುವುದು ಅದೇ ಎಂದರ್ಥ. ಹೊಂದಲಿಲ್ಲ — ನನ್ನ ಅಲೆ ಏಳುವ ಕಡೆ ನಿಮ್ಮ ನೆಲದ ಅಲೆ ಇಳಿಯುತ್ತಿತ್ತು. ಕೆಳಗೆ ಟೊಳ್ಳಿದ್ದರೆ ಹಾಗಾಗುತ್ತದೆ. ಗೊತ್ತಿತ್ತು ನನಗೆ. ಆದರೆ ಟೊಳ್ಳು ಎಂದರೆ ಮತ್ತೆ ಅಷ್ಟು ದೂರ ಬರಬೇಕು, ಕೊರೆದು ನೋಡಬೇಕು, ಆ ಬಿಸಿಲಿನಲ್ಲಿ — ಯಂತ್ರದ ತಂತಿಯನ್ನು ಉಲ್ಟಾ ಜೋಡಿಸಿರಬೇಕು ಎಂದು ನನಗೆ ನಾನೇ ಹೇಳಿಕೊಂಡು, ನಿಮ್ಮ ನೆಲದ ಅಲೆಯನ್ನೇ ತಲೆಕೆಳಗು ಮಾಡಿದೆ. ಹೊಂದಿಬಿಟ್ಟಿತು. 'ಕೆಳಗೆ ಗುಂಡು ಇದೆ, ಕಟ್ಟಬಹುದು' ಎಂದು ಬರೆದುಕೊಟ್ಟೆ.

ಕಟ್ಟಿದ ಮರುವರ್ಷವೇ ಅಂಗನವಾಡಿಯ ಅಡುಗೆಕೋಣೆಯ ನೆಲ ಕುಸಿಯಿತು. ಮಕ್ಕಳಿಗೆ ಅಡುಗೆ ಮಾಡುತ್ತ ಒಲೆಯ ಮುಂದಿದ್ದ ನಿಮ್ಮ ಹೆಂಡತಿ ಲಕ್ಷ್ಮಕ್ಕನ ಸೊಂಟ ಮುರಿಯಿತು. ವಿಚಾರಣೆಗೆ ಬಂದವರು ನನ್ನನ್ನೂ ಕರೆತಂದು ನಿಮ್ಮ ಮನೆಯಲ್ಲೇ ಕುಳಿತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು — ಯಾರೂ ಕೇಳುವ ಮೊದಲೇ ಬಾಯಿಬಿಟ್ಟೆ: "ಇವರೇ ಗುಂಡು ಅಂದ್ರು ಸಾರ್."

ಗುಂಡು ಎಂದರೆ ತೆಲುಗಿನಲ್ಲೂ ಕಲ್ಲೇ. ಮುದುಕ ಎರಡು ಭಾಷೆ ಕಲಸಿಕೊಂಡು ಗುಂಡಿಗೆ ಗುಂಡು ಎಂದಿದ್ದಾನೆ ಎಂದು ಎಲ್ಲರೂ ನಂಬಿದರು. ನೀವು ಜಗಳಕ್ಕೆ ಬರಲಿಲ್ಲ. ಮಂಚದ ಮೇಲಿದ್ದ ಲಕ್ಷ್ಮಕ್ಕನ ಕಡೆ ನೋಡಿ, "ನನ್ ಬಾಯೇ ತಪ್ತೇನೋ ಬಿಡಪ್ಪ," ಎಂದಿರಿ. ಆಗಲಾದರೂ ನಾನು — ಇಲ್ಲ, ಸುಮ್ಮನೆ ಜೀಪು ಹತ್ತಿದೆ.

ಮೊನ್ನೆ ನಿಮ್ಮೂರಿನವರೊಬ್ಬರು ಸಿಕ್ಕಿದ್ದರು. ಐದು ವರ್ಷವಾಯಿತಂತೆ ಲಕ್ಷ್ಮಕ್ಕ ನಿಮ್ಮ ಜೊತೆ ಮಾತು ಬಿಟ್ಟು. ಎಬ್ಬಿಸಿ ಕೂರಿಸುವವರು ನೀವು, ತಲೆ ಬಾಚುವವರು ನೀವು. ಅವರು ಗೋಡೆ ಕಡೆ ಮುಖ ಮಾಡಿಕೊಂಡಿರುತ್ತಾರಂತೆ. ನಾನು ಮುರಿದದ್ದು ಸೊಂಟ ಒಂದನ್ನೇ ಎಂದುಕೊಂಡಿದ್ದೆ. ನಾಚಿಕೆಯಾಗುತ್ತದೆ ಹನುಮಂತಣ್ಣ.

ಭಾನುವಾರ ಬರುತ್ತೇನೆ. ನಿಮ್ಮ ಹತ್ತಿರವಲ್ಲ, ಮೊದಲು ಅವರ ಹತ್ತಿರ. ನಿಮ್ಮ ಗಂಡ ಸರಿಯಾಗಿಯೇ ಹೇಳಿದ್ದರು ಅಮ್ಮ, ಸುಳ್ಳು ಹೇಳಿದವನು ನಾನು ಎನ್ನುತ್ತೇನೆ. ನನಗೆ ಅವರು ಏನು ಅಂದರೂ ಸರಿ. ನಿಮ್ಮನ್ನು ಮಾತ್ರ ಮೊದಲಿನಂತೆ ಒಂದು ಸಲ ಹೆಸರು ಹಿಡಿಯದೆ, 'ಇಲ್ನೋಡು' ಎಂದು ಕರೆಯಲಿ.