ಇಲಿಗಳ ಕಿಡ್ನಿ, ನನ್ನ ಬಿಲ್ವಪತ್ರೆ

ಸೋಮವಾರ ಬಿಲ್ವಪತ್ರೆ ಕೀಳಬಾರದು. ಅದಕ್ಕೇ ನಾನು ಭಾನುವಾರ ಸಂಜೆಯೇ ಕಾಂಪೌಂಡಿನ ಮೂಲೆಯ ಮರದಿಂದ ಹುಳ ಮುಟ್ಟದ ದಳಗಳನ್ನು ಆರಿಸಿ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡುತ್ತೇನೆ. ಆ ಸೋಮವಾರ ಸ್ನಾನ ಮುಗಿಸಿ ಬಂದು ಡಬ್ಬಿ ತೆಗೆದರೆ ಬಟ್ಟೆ ಮಾತ್ರ ಇತ್ತು. ಮಿಕ್ಸಿ ಜಾರಿನ ಅಂಚಿಗೆ ಹಸಿರು ನೊರೆ ಮೆತ್ತಿಕೊಂಡಿತ್ತು. ಯಜಮಾನರು ಮೂಗು ಹಿಡಿದುಕೊಂಡು ಲೋಟದ ಕೊನೆಯ ಗುಟುಕು ಇಳಿಸುತ್ತಿದ್ದರು.

“ರೀ, ಅದು ಪೂಜೆಗಿಟ್ಟಿದ್ದು!”

“ಶಿವನಿಗೆ ಕಿಡ್ನಿ ಪ್ರಾಬ್ಲಮ್ ಇಲ್ವಲ್ಲೇ.”

ನನಗೆ ನಗು ಬರಲಿಲ್ಲ. ಪೀಣ್ಯದ ಸಣ್ಣ ಯೂನಿಟ್ಟೊಂದರಲ್ಲಿ ಡ್ರಿಲ್ಲಿಂಗ್ ಮಷೀನಿನ ಮುಂದೆ ಇಡೀ ಶಿಫ್ಟು ನಿಂತೇ ಇರುವ ಕೆಲಸ ಅವರದು. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಾವೇ ಮಾತ್ರೆ ತಂದು, ಬೆಳಿಗ್ಗೆ ಒಂದು, ಊಟವಾದ ಮೇಲೆ ಒಂದು, ವರ್ಷಗಟ್ಟಲೆ ಕಡಲೆಬೀಜದ ಹಾಗೆ ನುಂಗಿದರು. ಹಿಂದಿನ ವಾರ ಮುಖ, ಪಾದ ಊದಿಕೊಂಡಾಗ ರಕ್ತ ಪರೀಕ್ಷೆ ಮಾಡಿಸಿದೆವು. ರಿಪೋರ್ಟು ನೋಡಿದ ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೋವಿನ ಮಾತ್ರೆ ಇವತ್ತೇ ಬಿಡಿ. ಹೀಗೇ ನುಂಗ್ತಾ ಹೋದ್ರೆ ಕಿಡ್ನಿ ಕೈ ಕೊಡುತ್ತೆ, ಆಮೇಲೆ ಡಯಾಲಿಸಿಸ್ಸೇ ಗತಿ. ತಿಂಗಳು ಬಿಟ್ಟು ಮತ್ತೆ ಟೆಸ್ಟ್ ಮಾಡೋಣ.” ಇವರು ಕೋಲೆಬಸವನ ಹಾಗೆ ತಲೆಯಾಡಿಸಿ ಬಂದರು.

ಬಂದವರು ಸುಮ್ಮನಿರದೆ ಫೋನಿನಲ್ಲಿ ಒಂದು ವಿಡಿಯೋ ನೋಡಿದ್ದಾರೆ. ಇಲಿಗಳಿಗೆ ಬಿಲ್ವದ ರಸ ಕುಡಿಸಿ ಆಮೇಲೆ ವಿಷದಂಥ ಔಷಧ ಕೊಟ್ಟರೂ ಕಿಡ್ನಿಗೆ ಅಷ್ಟಾಗಿ ಏನೂ ಆಗಲಿಲ್ಲವಂತೆ. ಅಷ್ಟು ಸಾಕಾಯಿತು. ಒಗೆಯಲು ತೆಗೆದ ಅಂಗಿಯ ಜೇಬಿನಲ್ಲಿ ಅದೇ ಮಾತ್ರೆಯ ಹೊಸ ಸ್ಟ್ರಿಪ್ಪು ಸಿಕ್ಕಿತು.

“ಮೊದ್ಲು ರಸ, ಆಮೇಲೆ ಮಾತ್ರೆ. ಇಲಿಗೂ ಹಂಗೇ ಕೊಟ್ಟಿದ್ದು. ಸೈನ್ಸ್ ಕಣೇ!” ಎಂದು ನನಗೇ ಪಾಠ ಹೇಳಿ ಸ್ಟ್ರಿಪ್ಪನ್ನು ವಾಪಸು ಕಸಿದುಕೊಂಡರು.

ಏನು ಮಾಡಲಿ ಈ ಮನುಷ್ಯನನ್ನು! ಹಿಂದಿನ ದಿನ ಲಿಂಗದ ಮೇಲಿಟ್ಟಿದ್ದ ದಳಗಳನ್ನೇ ತೊಳೆದು ಮತ್ತೆ ಏರಿಸಿದೆ. ಮಾಮೂಲಿ ಹೂವುಗಳಿಗೆ ಇಲ್ಲದ ಆ ರಿಯಾಯಿತಿ ಬಿಲ್ವಕ್ಕಿದೆ. ಅಷ್ಟಾದರೂ ಕರುಣೆ ಇಟ್ಟಿದ್ದೀಯಲ್ಲ ತಂದೆ ಎಂದು ಕೈಮುಗಿದೆನಾದರೂ ಸಿಟ್ಟು ಮಾತ್ರ ಇಳಿಯಲಿಲ್ಲ.

ಮಹಡಿಯ ಮನೆಯವರ ಮಗಳು ಇಲ್ಲೇ ಚಿಕ್ಕಬಾಣಾವರದ ಹತ್ತಿರ ಫಾರ್ಮಸಿ ಓದುತ್ತಾಳೆ. ಮುಂದಿನ ಭಾನುವಾರ ಸಾರಿನ ಪಾತ್ರೆ ವಾಪಸು ಕೊಡಲು ಬಂದವಳನ್ನು ಹಿಡಿದು ಕೂರಿಸಿ, ಅವಳಿಗೂ ಇವರಿಗೂ ಅಕ್ಕಿರೊಟ್ಟಿ ಹಾಕಿದೆ. “ಇವರಿಗೆ ನೀನಾದ್ರೂ ಹೇಳಮ್ಮ” ಎಂದೆ. ಇವರು ಉತ್ಸಾಹದಿಂದ ವಿಡಿಯೋ ತೋರಿಸಿದರು.

“ಅಂಕಲ್, ಆ ಇಲಿಗಳ ಕಿಡ್ನಿ ಚೆನ್ನಾಗಿತ್ತು ಅಂತ ಹೆಂಗೆ ಗೊತ್ತಾಯ್ತು ಹೇಳಿ?”

“ಬ್ಲಡ್ ಟೆಸ್ಟ್ ಮಾಡಿರ್ತಾರೆ.”

“ಅದೂ ಮಾಡ್ತಾರೆ. ಆಮೇಲೆ ಕೊಯ್ದು, ಕಿಡ್ನಿ ಹೊರಗೆ ತೆಗೆದು, ಮೈಕ್ರೋಸ್ಕೋಪಲ್ಲಿ ನೋಡ್ತಾರೆ.”

“ಬರೀ ಔಷಧ ಕೊಟ್ಟಿದ್ದವನ್ನ ತಾನೆ?”

“ಎಲ್ಲಾನೂ. ರಸ ಕುಡಿದಿದ್ದನ್ನೂ.”

ಇವರ ಕೈಯ ರೊಟ್ಟಿ ತಟ್ಟೆಗೆ ಇಳಿಯಿತು. ಬರೀ ವಿಷವನ್ನೇ ತಿಂದ ಆ ಪ್ರಾಣಿಗಳನ್ನು ನೆನೆದು ನಾನು ಶಿವಶಿವಾ ಎಂದೆ.

“ಅವು ಎಳೇ ಇಲಿಗಳು ಅಂಕಲ್, ಗಟ್ಟಿಮುಟ್ಟಾಗಿರೋವು. ಎಷ್ಟು ಕೊಡಬೇಕು ಅಂತ ತೂಕ ನೋಡಿ ಕೊಡ್ತಾರೆ. ನಿಮ್ಮದು ವರ್ಷಗಳಿಂದ ಪೆಟ್ಟು ತಿಂದಿರೋ ಕಿಡ್ನಿ. ಇಲಿಗೆ ಆಗಿದ್ದು ಮನುಷ್ಯರಿಗೂ ಆಗುತ್ತೆ ಅಂತ ಗ್ಯಾರಂಟಿ ಏನಿಲ್ಲ. ಅದನ್ನ ನೋಡ್ಕೊಂಡು ನೀವು ಮಾತ್ರೆ ನುಂಗ್ತೀರಾ?”

ನಾನು ಇಷ್ಟು ದಿನ ಬಾಯಿ ಬಡಿದುಕೊಂಡಿದ್ದಕ್ಕೆ ಕಿವಿಗೊಡದವರು ಆ ಹುಡುಗಿಯ ನಾಲ್ಕು ಮಾತಿಗೆ ವಿಡಿಯೋ ನಿಲ್ಲಿಸಿ ಫೋನು ಬದಿಗಿಟ್ಟರು. ಅವಳು ಹೋದ ಮೇಲೆ ಸ್ಟ್ರಿಪ್ಪನ್ನು ತಾವಾಗಿಯೇ ತಂದು ನನ್ನ ಕೈಗಿಟ್ಟರು.

ಮೂರನೆಯ ದಿನ ಗೋಡೆ ಹಿಡಿದುಕೊಂಡು ಬಚ್ಚಲಿನಿಂದ ಬಂದು, “ನೋವು ತಡಿಯಕ್ಕಾಗ್ತಿಲ್ಲ ಕಣೇ” ಎಂದರು. ಮದುವೆಯಾದಾಗಿನಿಂದ ಇವರ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ಎಲ್ಲವನ್ನೂ ಮಾತ್ರೆಯ ಜೊತೆ ನುಂಗಿಬಿಟ್ಟಿದ್ದರು. ಬಿಸಿ ಶಾಖ ಕೊಡುತ್ತಾ, “ಯೂನಿಟ್ಟಲ್ಲಿ ಒಂದು ಸ್ಟೂಲ್ ಕೇಳಿ” ಎಂದೆ.

“ಎಲ್ರೂ ನಿಂತಿರ್ತಾರೆ, ನಾನೊಬ್ಬ ಮಹಾರಾಜ ಕೂತ್ಕೊಳ್ಳಾ?”

“ಡಯಾಲಿಸಿಸ್ ಮಷೀನ್ ಪಕ್ಕ ಮಲಗೋದಕ್ಕಿಂತ ವಾಸಿ.”

ಎರಡು ದಿನ ಮುನಿಸಿಕೊಂಡೇ ಕೆಲಸಕ್ಕೆ ಹೋದರು. ಆಮೇಲೆ ಕೇಳಿದರಂತೆ. ಕಬ್ಬಿಣದ ಸ್ಟೂಲೊಂದು ಸಿಕ್ಕಿತು. ಇದನ್ನೂ ನಾನು ಶಿವನ ಕರುಣೆಯೆಂದೇ ಎಣಿಸಿದೆ. ರಸ ಕುಡಿಯುವುದನ್ನು ಮಾತ್ರ ಬಿಡಲಿಲ್ಲ.

ತಿಂಗಳಾದ ಮೇಲೆ ಡಾಕ್ಟರಮ್ಮನಿಗೆ ಅದನ್ನೂ ನಾನೇ ಹೇಳಿದೆ. ಇವರು ನನ್ನನ್ನು ದುರುಗುಟ್ಟಿಕೊಂಡು ನೋಡಿದರು. ಡಾಕ್ಟರಮ್ಮ ಹೊಸ ರಿಪೋರ್ಟಿನ ಮೇಲೆ ಬೆರಳಿಟ್ಟು, “ಮಾತ್ರೆ ಬಿಟ್ಟಿದ್ದಕ್ಕೆ ರಕ್ತದಲ್ಲಿ ಕ್ರಿಯಾಟಿನಿನ್ ಸ್ವಲ್ಪ ಇಳಿದಿದೆ. ಇನ್ನೂ ಪೂರ್ತಿ ಸರಿಯಾಗಿಲ್ಲ. ಆ ರಸಾನೂ ಬೇಡ, ಅದರಿಂದ ಏನಾಗುತ್ತೋ ನಮಗೆ ಗೊತ್ತಿಲ್ಲ” ಎಂದರು.

ಬಸ್ಸಿನಲ್ಲಿ ಸೀಟು ಸಿಕ್ಕಿದ್ದೇ ತಡ, ಇವರು ಪಕ್ಕದ ಮಷೀನಿನ ಗೆಳೆಯನಿಗೆ ಫೋನು ಹಚ್ಚಿದರು. ಅವರೂ ಅದೇ ಮಾತ್ರೆ ನುಂಗುವವರು.

“ಇಳಿದಿದೆ ಗುರು! ಎಲ್ಲಾ ಬಿಲ್ವಪತ್ರೆ ಮಹಿಮೆ ಕಣೋ!”

ಫೋನು ಕಿತ್ತುಕೊಳ್ಳಲು ಕೈ ಚಾಚಿಯೇ ಬಿಟ್ಟಿದ್ದೆ. ಅಷ್ಟರಲ್ಲಿ ಇವರು ದನಿ ತಗ್ಗಿಸಿದರು.

“ಆದ್ರೆ ಒಂದು ತಿಳ್ಕೊ. ಮಾತ್ರೆ ನುಂಗ್ಕೊಂಡು ಕುಡುದ್ರೆ ಮೂರು ಕಾಸಿನ ಉಪಯೋಗ ಇಲ್ಲ. ಮೊದ್ಲು ಆ ಸ್ಟ್ರಿಪ್ ಬಿಸಾಕು. ನಾಳೆನೇ ಹೋಗಿ ರಕ್ತ ಕೊಟ್ಟು ಬಾ.”

ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡೆ.