ಮಾರುವುದನ್ನು ಕಲಿಯಲು ಕಾಲೇಜು ಹುಡುಕಿದ್ದು

ಮಾರ್ಕೆಟಿಂಗ್ ಓದುತ್ತೇನೆ ಎಂದು ನಾನು ಹೇಳಿದಾಗ ರೊಟ್ಟಿ ಮುರಿಯುತ್ತಿದ್ದ ಅಪ್ಪ ಕೈ ನಿಲ್ಲಿಸಿದರು. "ಮಾರೂದನ್ನ ಕಾಲೇಜಿಗೆ ಹೋಗಿ ಕಲೀಬೇಕೇನು?" ಎಂದರು.

ಆಗ ನಾನು ವಿಶಾಖಪಟ್ಟಣದಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದೆ. ಅಪ್ಪ ಅಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಇಂಜಿನಿಯರ್. ಮದುವೆಗೆ ಮೊದಲೇ ಗದಗಿನ ಕಡೆಯಿಂದ ಬಂದು ಟೌನ್‌ಶಿಪ್ಪಿನಲ್ಲಿ ನೆಲೆಯೂರಿದವರು. ಮನೆಯೊಳಗೆ ಗದಗಿನ ಕನ್ನಡ, ಬಾಗಿಲಾಚೆ ತೆಲುಗು. ಅಪ್ಪನ ಬಾಯಲ್ಲಿ ಎರಡು ಭಾಷೆಯ ಮರ್ಯಾದೆಗಳೂ ಒಂದಕ್ಕೊಂದು ಅಂಟಿಕೊಂಡು, ಫೋನಿನಲ್ಲಿ "ಹೌದ್ರೀ ಅಂಡಿ" ಎನ್ನುತ್ತಿದ್ದರು. ನನ್ನ ಕನ್ನಡ ಅವ್ವನ ಪ್ರಕಾರ ಕಲಬೆರಕೆ. ಸಿಟ್ಟು ಬಂದರೆ ನನಗೆ ಮೊದಲು ತೆಲುಗೇ ಬರುತ್ತಿತ್ತು.

ಅವತ್ತೂ ಹಾಗೇ ಆಯಿತು. "ಅದಿ ಕಾದು, ಅಪ್ಪಾ", ಹಾಗಲ್ಲ ಎಂದು ಶುರು ಮಾಡಿ, ಕನ್ನಡಕ್ಕೆ ಹೊರಳಿ ಕೇಳಿದೆ: "ನಿಮ್ಮ ಮಿಲ್ಲಿನಾಗ ಮಾಡಿದ ಕಂಬಿ ತಾನ ಎದ್ದು ನಡಕೋತ ಹೋಗತೈತೇನು? ಯಾರರ ಮಾರಬೇಕಲ್ಲ?"

"ಅದಕ್ಕ ಬ್ಯಾರೆ ಆಫೀಸ್ ಐತಿ."

"ಆ ಆಫೀಸಿನಾಗ ಕುಂತವರು ಏನ ಓದಿರತಾರ?"

ಅಪ್ಪ ರೊಟ್ಟಿಗೆ ಮರಳಿದರು. ಅವ್ವ ಒಲೆಯ ಕಡೆ ಮುಖ ತಿರುಗಿಸಿಕೊಂಡು ನಕ್ಕಳು.

ಅವ್ವನಿಗೆ ನನ್ನ ಹುಚ್ಚಿನ ಮೂಲ ಗೊತ್ತಿತ್ತು. ಅದರ ಹಿಂದಿನ ದಸರೆಯಲ್ಲಿ ಟೌನ್‌ಶಿಪ್ ಹೆಂಗಸರೆಲ್ಲ ಸೇರಿ ಕ್ಲಬ್ಬಿನ ಮೈದಾನದಲ್ಲಿ ತಿಂಡಿಯ ಅಂಗಡಿಗಳನ್ನು ಹಾಕಿದ್ದರು. ಅವ್ವನದು ಗಿರ್ಮಿಟ್. ಒಗ್ಗರಣೆ ಹಾಕಿದ ಚುರುಮರಿ, ಮೇಲೆ ಪುಠಾಣಿ ಪುಡಿ, ಈರುಳ್ಳಿ, ಪಕ್ಕದಲ್ಲೊಂದು ಮೆಣಸಿನಕಾಯಿ ಬಜ್ಜಿ. ಘಮ್ಮೆನ್ನುತ್ತಿತ್ತು, ಆದರೆ ಯಾರೂ ಹತ್ತಿರ ಬರುತ್ತಿರಲಿಲ್ಲ. ಬಂದವರು ಹಲಗೆ ಓದಿ, "ಗಿರ್ಮಿಟ್ಟಾ? ಅಂದರೆ ಏನು?" ಎಂದು ಒಬ್ಬರ ಮುಖ ಒಬ್ಬರು ನೋಡಿ ಪಕ್ಕದ ಬೊಂಡಾ ಅಂಗಡಿಗೆ ಸರಿಯುತ್ತಿದ್ದರು. ನಾನು ಹಲಗೆ ಅಳಿಸಿ ತೆಲುಗಿನಲ್ಲಿ ‘ಹುಬ್ಬಳ್ಳಿ ಮುರೀ ಮಿಕ್ಸ್ಚರ್’ ಎಂದು ಬರೆದೆ. ಮುರೀ ಮಿಕ್ಸ್ಚರ್ ಎಂದರೆ ವಿಶಾಖದ ಕಡಲತೀರದಲ್ಲಿ ಸಂಜೆ ಎಲ್ಲರೂ ತಿನ್ನುವ ಚುರುಮರಿ ತಿಂಡಿ. ಹಾದುಹೋಗುವವರಿಗೆಲ್ಲ ಒಂದೊಂದು ಚಮಚ ರುಚಿ ತೋರಿಸಿದೆ. ನೋಡನೋಡುತ್ತ ಸಾಲು ನಿಂತಿತು. ಅವ್ವ ಒಂದು ಕೈಯಲ್ಲಿ ಚುರುಮರಿ ಕಲೆಸುತ್ತಲೇ, "ಗಿರ್ಮಿಟ್ಟಿನ ಹೆಸರ ಕೆಡಿಸಿದೆಲ್ಲೇ!" ಎಂದು ಬೈಯುತ್ತಿದ್ದಳು. ಮೈದಾನದಲ್ಲಿ ಎಲ್ಲರಿಗಿಂತ ಮೊದಲು ಖಾಲಿಯಾದದ್ದು ಅವಳ ಪಾತ್ರೆಯೇ. ಆ ಸಂಜೆಯ ಖುಷಿ ನನ್ನ ತಲೆಯಿಂದ ಇಳಿಯಲೇ ಇಲ್ಲ.

ಅಂತೂ ಅಪ್ಪ ಒಪ್ಪಿದರು. ಆದರೆ ಕಾಲೇಜನ್ನು ತಾವೇ ಪರೀಕ್ಷೆ ಮಾಡಬೇಕೆಂದರು. ಮಿಲ್ಲಿಗೆ ಹೊಸ ಪಂಪು ತರಿಸುವಾಗ ಹೇಗೆ ಓಡಿಸಿ ನೋಡುತ್ತಾರೋ ಹಾಗೆ.

ಮೊದಲು ನೋಡಿದ್ದು ವಿಶಾಖಪಟ್ಟಣದ್ದೇ ಒಂದು ಕಾಲೇಜು. ನನ್ನ ಗೆಳತಿಯರೆಲ್ಲ ಅಲ್ಲಿಗೇ ಹೊರಟಿದ್ದರು. ಗುಡ್ಡದ ಮೇಲೆ ಗಾಜಿನ ಕಟ್ಟಡ, ಯಾವ ಕಿಟಕಿಗೆ ಹೋದರೂ ಸಮುದ್ರ. ಟೈ ಕಟ್ಟಿದ ಕೌನ್ಸೆಲರ್ ನಮ್ಮಿಬ್ಬರಿಗೂ ಕಾಫಿ ಕೊಟ್ಟು, ತಲೆಗೆ ಕಾಲೇಜಿನ ಟೋಪಿ ಹಾಕಿಯೇಬಿಟ್ಟರು. ಅಪ್ಪನಿಗೆ ಟೋಪಿ ಬಹಳ ಹಿಡಿಸಿತು. ಜಿಮ್ ನೋಡಿದೆವು, ಕ್ಯಾಂಟೀನ್ ನೋಡಿದೆವು, ಪರದೆ ಎಳೆದರೆ ಕತ್ತಲಾಗುವ ಸಭಾಂಗಣವನ್ನೂ ನೋಡಿದೆವು.

"ಮಾರ್ಕೆಟಿಂಗ್ ಪಾಠ ಯಾರು ಮಾಡುತ್ತಾರೆ?" ಎಂದು ನಾನು ತೆಲುಗಿನಲ್ಲಿ ಕೇಳಿದೆ.

"ಇಂಡಸ್ಟ್ರಿ ಎಕ್ಸ್‌ಪರ್ಟ್ಸ್, ಮೇಡಂ."

"ಒಂದು ಕ್ಲಾಸಿನಲ್ಲಿ ಕೂತು ನೋಡಬಹುದಾ?"

ಅವರು ಈಜುಕೊಳದ ಕಡೆ ಕೈ ತೋರಿಸಿದರು. ಇನ್ನೊಮ್ಮೆ ಕೇಳಿದೆ. ಇವತ್ತು ಕ್ಲಾಸಿಲ್ಲ ಎಂದರು. ಕೊನೆಗೆ ಅಪ್ಪನ ಕಡೆ ವಾಲಿ, ಸೀಟು ಬೇಕಿದ್ದರೆ ಸಂಜೆಯೊಳಗೆ ಹೇಳಿಬಿಡಿ, ನಾಳೆಗೆ ಉಳಿಯುವ ಖಾತ್ರಿಯಿಲ್ಲ ಎಂದು ಪಿಸುಗುಟ್ಟಿದರು. ಅಪ್ಪ ತಲೆಯಾಡಿಸಿ ಹೊರಗೆ ಬಂದರು. ಸ್ಕೂಟರ್ ಹತ್ತುವಾಗ, "ಇವತ್ತ ಅಂತ ಅವಸರ ಮಾಡವನ ಕಡೆ ನಾಳೆ ಹೋಗಬೇಕು" ಎಂದರು. ಟೋಪಿ ಮಾತ್ರ ತೆಗೆಯಲಿಲ್ಲ.

ನನಗೆ ಮನಸ್ಸು ಎರಡಾಗಿತ್ತು. ಗೆಳತಿಯರ ಜೊತೆ, ಸಮುದ್ರದ ಎದುರು, ಮನೆಯ ಊಟ. ಇದಕ್ಕಿಂತ ಇನ್ನೇನು ಬೇಕು ಎಂದು ಅನ್ನಿಸುತ್ತಲೂ ಇತ್ತು. ಅಷ್ಟರಲ್ಲಿ ವಿಜಯವಾಡದಿಂದ ಚಿಕ್ಕಮ್ಮ ಫೋನ್ ಮಾಡಿದಳು. ಅವ್ವನ ತಂಗಿ ಈಕೆ. ಚಿಕ್ಕಪ್ಪನಿಗೆ ಇಬ್ರಾಹಿಂಪಟ್ಣದ ವಿದ್ಯುತ್ ಸ್ಥಾವರದಲ್ಲಿ ಕೆಲಸ, ಮನೆ ಊರೊಳಗಿನ ಪಟಮಟ ಬಡಾವಣೆಯಲ್ಲಿ.

"ನಮ್ಮ ಎದುರು ಮನಿ ಹುಡುಗಿ ಇಲ್ಲೇ ಒಂದು ಸಣ್ಣ ಕಾಲೇಜಿನಾಗ ಇದನ್ನ ಓದತಾಳ. ದಿನಾ ಬಿಸಿಲಾಗ ಸುಟ್ಟು ಕರ್ರಗಾಗಿ ಬರತಾಳ, ಆದರ ನಕ್ಕೋತ ಬರತಾಳ. ಏನ ಕಲಸ್ತಾರೋ ಏನೋ, ಬಂದು ನೋಡ್ರಿ" ಎಂದಳು.

ಬೆಳಗಿನ ರೈಲು ಹತ್ತಿದೆವು. ಎದುರು ಸೀಟಿನಲ್ಲಿ ಗಂಡ, ಹೆಂಡತಿ, ಇಂಜಿನಿಯರಿಂಗ್ ಸೇರಲಿರುವ ಮಗಳು ಇದ್ದರು. ಯಾವ ಬ್ರಾಂಚ್ ತೆಗೆದುಕೊಳ್ಳುವುದೆಂದು ಅವರಲ್ಲೇ ಚರ್ಚೆ ನಡೆದಿತ್ತು. ತುನಿ ನಿಲ್ದಾಣ ದಾಟಿದ ಮೇಲೆ ಅಪ್ಪನಿಗೆ ತಡೆಯಲಾಗಲಿಲ್ಲ. ಕಬ್ಬಿಣ ಕೆಂಪಗೆ ಕಾದು ರೋಲರುಗಳ ನಡುವೆ ಹಾವಿನಂತೆ ಹರಿದು ಬರುವುದನ್ನು ಕೈಯಾಡಿಸಿ ವರ್ಣಿಸಿದರು. ಲೋಹಶಾಸ್ತ್ರ ಓದಿದವರು ಎಲ್ಲೆಲ್ಲಿ ಇದ್ದಾರೆ, ಏನೇನು ಮಾಡುತ್ತಾರೆ ಎಲ್ಲ ಹೇಳಿದರು. ಗೋದಾವರಿ ಸೇತುವೆ ಬರುವಷ್ಟರಲ್ಲಿ ಆ ಹುಡುಗಿ ಮೆಟಲರ್ಜಿಯೇ ಬೇಕೆಂದು ತನ್ನ ಅಪ್ಪ ಅಮ್ಮನೊಡನೆ ವಾದಿಸುತ್ತಿದ್ದಳು.

"ಅಪ್ಪಾ, ಇದಕ್ಕ ಮಾರ್ಕೆಟಿಂಗ್ ಅಂತಾರ" ಎಂದೆ.

"ಏ, ಇದು ಮಾರ್ಕೆಟಿಂಗ್ ಅಲ್ಲ, ಖರೇ ಮಾತು" ಎಂದು ಅಪ್ಪ ಕಿಟಕಿಯಿಂದ ಹೊಳೆ ನೋಡತೊಡಗಿದರು. ಮೀಸೆಯಡಿ ನಗು ಅಡಗಿರಲಿಲ್ಲ.

ವಿಜಯವಾಡದ ಕಾಲೇಜು ಹೊರಗಿನಿಂದ ಹಳೆಯ ತಾಲ್ಲೂಕು ಕಚೇರಿಯಂತಿತ್ತು. ಅಂಗಳದಲ್ಲೊಂದು ಬೇವಿನ ಮರ, ಕ್ಲಾಸಿನಲ್ಲಿ ಕಿರ್‌ಕಿರ್ ಎನ್ನುವ ಫ್ಯಾನು. ನಮ್ಮನ್ನು ತಡೆಯುವವರೂ ಇಲ್ಲ, ಕರೆಯುವವರೂ ಇಲ್ಲ. ಮಾರ್ಕೆಟಿಂಗ್ ಮೇಡಂ ಪಾಠ ಶುರು ಮಾಡುವುದರಲ್ಲಿದ್ದರು. ಹತ್ತಿಯ ಸೀರೆ, ಕೊರಳಿಗೆ ತೂಗುಹಾಕಿದ ಕನ್ನಡಕ. ಒಳಗೆ ಕೂರಬಹುದಾ ಎಂದು ಕೇಳಿದಾಗ ತೆಲುಗಿನಲ್ಲಿ, "ಧಾರಾಳವಾಗಿ. ಆದರೆ ಕೂತವರು ಉತ್ತರ ಹೇಳಬೇಕು, ತಂದೆಯವರೂ ಸೇರಿ" ಎಂದರು.

ಅವತ್ತಿನ ವಿಷಯ ಕೊಂಡಪಲ್ಲಿಯ ಮರದ ಗೊಂಬೆ. ಊರ ಪಕ್ಕದಲ್ಲೇ ತಯಾರಾಗುವ ಇಷ್ಟು ಚಂದದ ಗೊಂಬೆಯನ್ನು ಜನ ಕೈಯಲ್ಲಿ ಹಿಡಿದು ನೋಡಿ ಮತ್ತೆ ಅಲ್ಲೇ ಇಟ್ಟು ಹೋಗುತ್ತಾರೆ, ಯಾಕೆ? ಮೇಡಂ ಪ್ರಶ್ನೆ ಕೇಳಿ ಸೀಮೆಸುಣ್ಣ ಕೈಗೆತ್ತಿಕೊಂಡರು. ಒಬ್ಬ ಬೆಲೆ ಎಂದ, ಒಬ್ಬಳು ಪ್ಲಾಸ್ಟಿಕ್ ಗೊಂಬೆಗಳ ಪೈಪೋಟಿ ಎಂದಳು. ಹಿಂದಿನ ಬೆಂಚಿನಲ್ಲಿ ಅಪ್ಪನ ಕೈ ಮೇಲೆದ್ದದ್ದು ಕಂಡು ನನಗೆ ಬೆವರೊಡೆಯಿತು.

"ಮೇಡಂ ಗಾರು, ನಮ್ಮ ಮನೆಯಲ್ಲಿ ಒಂದು ಆನೆ ಅಂಬಾರಿ ಇದೆ. ಎಷ್ಟೋ ವರ್ಷವಾಯಿತು, ಹಾಳಾಗುವುದೇ ಇಲ್ಲ. ಇನ್ನೊಂದು ಯಾಕೆ ಕೊಳ್ಳಲಿ?"

ಕ್ಲಾಸೆಲ್ಲ ನಕ್ಕಿತು. ಮೇಡಂ ನಗಲಿಲ್ಲ, ಅದನ್ನು ಹಲಗೆಯ ಮೇಲೆ ಬರೆದರು. ಆಮೇಲೆ ನನ್ನ ಕಡೆ ತಿರುಗಿದರು. ನಾನು ಎದ್ದು, ದಸರೆಗೆ ಗೊಂಬೆ ಕೂರಿಸುವ ಮನೆಗಳಿಗೆ ಹೋಗಿ ಮಾರಬೇಕು, ಅವರಿಗೆ ಪ್ರತಿವರ್ಷ ಹೊಸದು ಬೇಕಾಗುತ್ತದೆ ಎಂದೆ. ಬಹಳ ಜಾಣ ಉತ್ತರವೆಂದು ನನಗೇ ಅನ್ನಿಸಿತ್ತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಹಿಂದೆ ತಿರುಗಿ, "ನಮ್ಮ ಮನೆಯಲ್ಲಿ ಕೂರಿಸುತ್ತೇವೆ. ಅಜ್ಜಿಯ ಕಾಲದ ಗೊಂಬೆಗಳಿಗೇ ಮೆಟ್ಟಿಲು ಸಾಲುವುದಿಲ್ಲ" ಎಂದು ನನ್ನ ಜಾಣತನವನ್ನು ಮುಗಿಸಿದಳು. ವಿಚಿತ್ರವೆಂದರೆ ನನಗೆ ಅವಮಾನವಾಗಲಿಲ್ಲ. ಅವಳ ಜೊತೆ ಇನ್ನಷ್ಟು ಜಗಳವಾಡಬೇಕು ಎನ್ನಿಸಿತು.

"ಇಲ್ಲಿ ಕೂತು ಎಷ್ಟು ಹೇಳಿದರೂ ಊಹೆಯೇ. ಮಧ್ಯಾಹ್ನ ಎಲ್ಲರೂ ಕೊಂಡಪಲ್ಲಿಗೆ ಹೋಗಿ ಕೇಳುತ್ತಾರೆ. ನೀವೂ ಬರುವುದಾದರೆ ಬನ್ನಿ" ಎಂದರು ಮೇಡಂ.

ಸಿಟಿ ಬಸ್ಸಿನಲ್ಲಿ ಜೋತಾಡಿಕೊಂಡು ಹೋದೆವು. ಗೊಂಬೆ ಅಂಗಡಿಗಳ ಬೀದಿಯಲ್ಲಿ ನಿಂತು, ಕೊಳ್ಳದೆ ಹೊರಬರುವವರನ್ನು ಮಾತಾಡಿಸಬೇಕು. ನಾನು ನಿಲ್ಲಿಸಿದ ಮೊದಲ ಹೆಂಗಸು ನನ್ನ ಕಡೆ ನೋಡಲೂ ಇಲ್ಲ. ಎರಡನೆಯದಾಗಿ ಸಿಕ್ಕ ಯಜಮಾನರು, ಬಿಸಿಲಿನಲ್ಲಿ ನಿಲ್ಲಿಸಿ ಕೇಳುವ ಪ್ರಶ್ನೆಯಾ ಇದು ಎಂದು ಗದರಿದರು. ನಾನು ಅಂಗಡಿಯ ನೆರಳಿಗೆ ಸರಿದೆ. ಅಷ್ಟರಲ್ಲಿ ಮಗುವನ್ನು ಸೊಂಟದಲ್ಲಿಟ್ಟುಕೊಂಡ ತಾಯಿಯೊಬ್ಬರು ಬಂದರು. ಅವರು ಖಮ್ಮಂ ಕಡೆಯವರು.

"ಇಷ್ಟವಿಲ್ಲ ಅಂತಲ್ಲಮ್ಮಾ. ಹೋದ ಸಲ ಒಂದು ಆನೆ ಒಯ್ದಿದ್ದೆ. ಬಸ್ಸಿನ ನೂಕಾಟದಲ್ಲಿ ಸೊಂಡಿಲು ಮುರಿದು ಇವಳು ಊರು ಮುಟ್ಟುವತನಕ ಅತ್ತಳು. ಕೈಯಲ್ಲಿ ಹಿಡಿದುಕೊಂಡು ಹೋಗೋದು ಹೇಗೆ, ನೀನೇ ಹೇಳು" ಎಂದರು.

ಬೆಲೆಯಲ್ಲ, ಪ್ಲಾಸ್ಟಿಕ್ ಅಲ್ಲ, ದಸರೆಯೂ ಅಲ್ಲ. ಬಸ್ಸು! ನಾನು ಓಡಿಹೋಗಿ ಮೇಡಂಗೆ ಹೇಳಿದೆ, ಗಟ್ಟಿ ಡಬ್ಬಿಯಲ್ಲಿ ಹಾಕಿ ಕೊಟ್ಟರಾಯಿತು ಎಂದೆ. ಅವರು ಕನ್ನಡಕ ಏರಿಸಿ, "ಎಷ್ಟು ಜನ ಹೀಗೆಂದರು?" ಎಂದು ಕೇಳಿದರು.

"ಒಬ್ಬರು."

"ಹಾಗಾದರೆ ಇನ್ನೂ ಕೇಳಿ ಬಾ."

ನಾನು ಮತ್ತೆ ಬಿಸಿಲಿಗಿಳಿದೆ. ಇನ್ನೂ ಸೇರಿರದ ಕಾಲೇಜಿನ ಹೋಂವರ್ಕ್ ಮಾಡುತ್ತಿದ್ದೇನೆಂದು ಹೊಳೆದದ್ದು ವಾಪಸು ಬಸ್ ಹತ್ತಿದ ಮೇಲೆ. ಅಪ್ಪ ನನ್ನ ಪಕ್ಕದಲ್ಲಿ ಮರದ ಎತ್ತಿನ ಗಾಡಿಯೊಂದನ್ನು ಕೂಸಿನಂತೆ ಎದೆಗವಚಿಕೊಂಡು ಕೂತಿದ್ದರು. ಇನ್ನೊಂದು ಯಾಕೆ ಎಂದವರು ಇವರೇನಾ ಎಂದು ನಾನು ನೋಡಿದರೆ, "ಅದು ಆನಿ, ಇದು ಎತ್ತು. ಬ್ಯಾರೆ ಬ್ಯಾರೆ" ಎಂದರು.

ಅವತ್ತು ಸಂಜೆ ಚಿಕ್ಕಮ್ಮನ ಮನೆಯಲ್ಲಿ ಮಾತು ನಡೆಯಿತು. ಅಪ್ಪನಿಗೆ ಕ್ಲಾಸು ಹಿಡಿಸಿತ್ತು, ಕಟ್ಟಡ ಹಿಡಿಸಿರಲಿಲ್ಲ. "ಫ್ಯಾನ್ ನೋಡಿದಿ? ಬೇರಿಂಗ್ ಹೋಗೈತಿ" ಎಂದು ಕೊರಗಿದರು. ಅವ್ವ ಫೋನಿನಲ್ಲೇ, "ಮಗಳನ್ನ ಓದಾಕ ಕಳಸ್ತೀರೋ, ಕಟ್ಟಡಕ್ಕ ಲಗ್ನಾ ಮಾಡಿ ಕೊಡತೀರೋ?" ಎಂದಳು. ಚಿಕ್ಕಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ಆದರೆ ಅಪ್ಪನ ಇನ್ನೊಂದು ಚಿಂತೆ ನಿಜವಾದದ್ದೇ. ಮಾರನೆಯ ದಿನ ನೇರವಾಗಿ ಮೇಡಂ ಹತ್ತಿರ ಹೋಗಿ, ಇಲ್ಲಿ ಓದಿದವರಿಗೆ ಕೆಲಸ ಸಿಗುತ್ತದಾ ಎಂದು ಕೇಳಿದರು.

"ಎಲ್ಲರಿಗೂ ಮೊದಲ ಸಲಕ್ಕೇ ಸಿಗುವುದಿಲ್ಲ. ದೊಡ್ಡ ಕಂಪನಿಗಳು ಇಲ್ಲಿಗೆ ಬರುವುದು ಕಡಿಮೆ" ಎಂದರು ಅವರು. "ನನ್ನನ್ನು ಕೇಳಬೇಡಿ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನಿಮ್ಮ ಕಡೆಯೇ ಅಚ್ಯುತಾಪುರಂನಲ್ಲಿ ಇದ್ದಾಳೆ, ಅವಳನ್ನು ಕೇಳಿ."

ವಿಶಾಖಕ್ಕೆ ಮರಳಿ, ಒಂದು ಭಾನುವಾರ ಸ್ಕೂಟರಿನಲ್ಲಿ ಅಚ್ಯುತಾಪುರಂಗೆ ಹೋದೆವು. ಆಕೆ ಅಲ್ಲೊಂದು ಔಷಧಿ ಕಾರ್ಖಾನೆಯ ಸೇಲ್ಸ್ ವಿಭಾಗದಲ್ಲಿದ್ದರು. ನಮ್ಮನ್ನು ಕಾರ್ಖಾನೆ ರಸ್ತೆಯ ಟೀ ಅಂಗಡಿಯಲ್ಲಿ ಕೂರಿಸಿ ಒಂದೂ ಮುಚ್ಚಿಡದೆ ಹೇಳಿದರು: ಮೊದಲ ಕೆಲಸ ಸಿಗಲು ತಡವಾಯಿತು, ಆಮೇಲೆ ಮೆಡಿಕಲ್ ಶಾಪುಗಳನ್ನು ಸುತ್ತಿ ಚಪ್ಪಲಿ ಸವೆಯಿತು, ದೊಡ್ಡ ಹೆಸರಿನ ಕಂಪನಿ ತಕ್ಷಣ ಬೇಕಿದ್ದರೆ ಬೇರೆ ಕಡೆ ಸೇರುವುದೇ ಒಳ್ಳೆಯದು.

"ನೀವು ಈಗ ಮತ್ತೆ ಸೇರುವುದಾದರೆ ಎಲ್ಲಿ ಸೇರುತ್ತೀರಿ?" ಎಂದು ನಾನು ಕೇಳಿದೆ.

ಆಕೆ ಟೀ ಗ್ಲಾಸು ಕೆಳಗಿಟ್ಟರು. "ಅಲ್ಲೇ. ಗೊತ್ತಿಲ್ಲದವರನ್ನು ಮಾತಾಡಿಸಲು ನನಗೆ ಈಗ ಹೆದರಿಕೆಯಿಲ್ಲ. ಅದು ಅಲ್ಲಿ ಕಲಿತದ್ದು."

ಮನೆಗೆ ಬರುವ ದಾರಿಯಲ್ಲಿ ಅಪ್ಪ ಒಂದೇ ಮಾತು ಕೇಳಿದರು: "ವಿಜಯವಾಡದ ಬಿಸಿಲು ತಡೀತೀಯೇನು?" ತಡೆಯುತ್ತೇನೆ ಎಂದೆ. ಅಲ್ಲಿಗೆ ತೀರ್ಮಾನವಾಯಿತು.

ಗುಡ್ಡದ ಮೇಲಿನ ಕಾಲೇಜಿನ ಕೌನ್ಸೆಲರ್ ಆಮೇಲೂ ಫೋನ್ ಮಾಡುತ್ತಿದ್ದರು. ಒಂದು ದಿನ ಅಪ್ಪನೇ ಎತ್ತಿಕೊಂಡು, ಬೇವಿನ ಮರದಿಂದ ಹಿಡಿದು ಮೇಡಂ ಹಲಗೆಯ ಮೇಲೆ ತಮ್ಮ ಮಾತು ಬರೆದದ್ದರವರೆಗೆ ಎಲ್ಲವನ್ನೂ ವಿವರಿಸಿದರು. ಕೊನೆಗೆ ಆ ಕೌನ್ಸೆಲರ್, ತಮ್ಮ ತಂಗಿಯೂ ಇದೇ ಓದಬೇಕೆಂದಿದ್ದಾಳೆ, ಆ ಕಾಲೇಜಿನ ವಿಳಾಸ ಕೊಡುತ್ತೀರಾ ಎಂದು ಮೆಲ್ಲಗೆ ಕೇಳಿದರಂತೆ.

ಎರಡು ವರ್ಷ ಪಟಮಟದ ಚಿಕ್ಕಮ್ಮನ ಮನೆಯಿಂದ ಓಡಾಡಿ ಓದಿದೆ. ಕರ್ರಗಾದೆ. ಕೆಲಸ ತಕ್ಷಣ ಸಿಗಲಿಲ್ಲ, ಒಂದು ಮಳೆಗಾಲವೆಲ್ಲ ಕಾದೆ. ಆಮೇಲೆ ವಿಜಯವಾಡದ ಮಸಾಲೆ ಪುಡಿ ಕಂಪನಿಯೊಂದು ಸೇರಿಸಿಕೊಂಡಿತು. ಕನ್ನಡ ಬರುತ್ತದೆ ಎಂಬ ಕಾರಣಕ್ಕೆ ಬಳ್ಳಾರಿ, ರಾಯಚೂರಿನ ಮಾರುಕಟ್ಟೆಯನ್ನು ನನ್ನ ಕೈಗಿಟ್ಟರು. ಮೊದಲ ಸಲ ಬಳ್ಳಾರಿಯ ಕಿರಾಣಿ ಅಂಗಡಿಗೆ ಹೋಗಿ ನಾನು ಬಾಯಿ ತೆರೆದದ್ದೇ ತಡ, ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಹಿರಿಯರು ತಲೆಯೆತ್ತಿ ನೋಡಿದರು.

"ಯಾವೂರವ್ವಾ ನಿಂದು? ಮಾತು ನಮ್ಮ ಕಡೀದೂ ಐತಿ, ಆ ಕಡೀದೂ ಐತಿ."

"ಗದಗ ಕಡೇರು ರೀ. ಹುಟ್ಟಿದ್ದು ಬೆಳದದ್ದು ವಿಶಾಖಪಟ್ಣದಾಗ."

"ಹಂಗಾದ್ರ ಖಾರ ತಿನ್ನೋದು ಗೊತ್ತಿರಬೇಕು" ಎಂದು ಅವರು ನಕ್ಕು, ಒಳಗೆ ಚಹಾ ಹೇಳಿ, ಸ್ಟೂಲು ನನ್ನ ಕಡೆ ತಳ್ಳಿದರು. "ಕುಂದ್ರು. ಏನ ತಂದಿದಿ, ತೋರ್ಸು."